ಕಾಗದ ದಾಂಡೇಲಿಯದು, ಕತೆ ಯಾರದು?

ಕನ್ನಡ ಸಾಹಿತ್ಯಕ್ಕೆ ಎರಡೇ ಊರು ಗೊತ್ತು. ಒಂದು ಹಳ್ಳಿ, ಇನ್ನೊಂದು ಮಹಾನಗರ. ಹಳ್ಳಿ ಎಂದರೆ ಕಳೆದುಕೊಂಡ ತಾಯಿ. ಮಹಾನಗರ ಎಂದರೆ ಮನುಷ್ಯನನ್ನು ನುಂಗಿ ನೀರು ಕುಡಿಯುವ ರಾಕ್ಷಸ. ನವೋದಯದವರು ಮೊದಲನೆಯದನ್ನು ಹಾಡಿದರು, ನವ್ಯರು ಎರಡನೆಯದರ ನಡುವೆ ಕೂತು ನರಳಿದರು. ಇವೆರಡರ ಮಧ್ಯೆ ಕಾರ್ಖಾನೆಯ ಭೋಂಗಾ, ಪುರಸಭೆಯ ನಲ್ಲಿ, ವಾರದ ಸಂತೆ, ಒಂದು ಬಿ.ಸಿ.ಎಂ. ಹಾಸ್ಟೆಲ್ಲು, ಬಾಗಿಲು ಹಾಕಿದ ಒಂದು ಟಾಕೀಸು ಇರುವ ಊರುಗಳೂ ಇವೆ. ಹಳ್ಳಿ ಬಿಟ್ಟ ನಮ್ಮ ಜನ ಹೆಚ್ಚಾಗಿ ಬಂದು ಬಿದ್ದದ್ದು ಇಂಥ ಊರುಗಳಿಗೇ. ಬೆಂಗಳೂರು, ಬೊಂಬಾಯಿ ಕಂಡವರು ಕೆಲವರು. ಭದ್ರಾವತಿ, ಹರಿಹರ, ಗದಗ, ದಾಂಡೇಲಿ ಕಂಡವರು ಬಹಳ. ಆದರೆ ವಿಮರ್ಶೆಯ ಪುಸ್ತಕ ತೆಗೆದು 'ನಗರಪ್ರಜ್ಞೆ' ಎಂಬ ಅಧ್ಯಾಯ ಓದಿದರೆ ಅಲ್ಲಿ ದಾಂಡೇಲಿ ಇಲ್ಲ.

ಇದರಲ್ಲಿ ಒಂದು ಕ್ರೂರ ಹಾಸ್ಯವಿದೆ. ದಾಂಡೇಲಿಯಲ್ಲಿ ತಯಾರಾಗುವುದು ಕಾಗದ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಹುಟ್ಟಿತು, ಆ ದಶಕ ಮುಗಿಯುವುದರೊಳಗೆ ಕಾಗದ ಹೊರಬಂತು. ನವ್ಯ ಕಾವ್ಯ ಏರಿದ್ದು, ನವ್ಯ ಕಾದಂಬರಿ ಬಂದದ್ದು, ನಾವು ಬಂಡಾಯ ಎಂದು ಕೂಗಿದ್ದು, ಎಲ್ಲಾ ಈ ಮಿಲ್ಲು ನಡೆಯುತ್ತಿದ್ದ ಕಾಲದಲ್ಲೇ. ಇಷ್ಟೂ ವರ್ಷಗಳಲ್ಲಿ ಅಚ್ಚಾದ ಕನ್ನಡ ಪುಸ್ತಕಗಳಲ್ಲಿ ಎಷ್ಟರ ಹಾಳೆ ಕಾಳಿ ನದಿಯ ನೀರಿನಲ್ಲಿ ಬೆಂದ ಬಿದಿರೋ ಯಾರು ಲೆಕ್ಕ ಇಟ್ಟಿದ್ದಾರೆ? ಆ ಬಿದಿರನ್ನು ಕಡಿದವರ, ಹೊತ್ತವರ, ಅದೇ ಬಿದಿರಿನ ಮೇಲೆ ಬುಟ್ಟಿ ಹೆಣೆದು ಬದುಕುತ್ತಿದ್ದವರ ಹೆಸರು ಆ ಹಾಳೆಗಳ ಮೇಲೆ ಮೂಡಿದ್ದು ಅಪರೂಪ. ಕಾಗದ ನಮ್ಮ ಕಡೆಯದು, ಕತೆ ಬೇರೆಯವರದು.

ಆ ಬಿದಿರಿನ ದರ ಹೇಳಲೇಬೇಕು. ಮಿಲ್ಲಿಗೆ ಆರಂಭದ ವರ್ಷಗಳಲ್ಲಿ ಸರ್ಕಾರ ಟನ್ನು ಬಿದಿರನ್ನು ಕೊಟ್ಟದ್ದು ಒಂದೂವರೆ ರೂಪಾಯಿಗೆ. ಉತ್ತರ ಕನ್ನಡದ ಬಿದಿರನ್ನು 70ರ ದಶಕದಲ್ಲಿ ಅಧ್ಯಯನ ಮಾಡಿದ ಮಾಧವ ಗಾಡ್ಗೀಳರು ರಾಮಚಂದ್ರ ಗುಹಾ ಜೊತೆ ಇದನ್ನು ಬರೆದಿದ್ದಾರೆ. ಅದೇ ಹೊತ್ತಿಗೆ ಪೇಟೆಯ ದರ ಅದರ ನೂರಾರು ಪಟ್ಟು ಮೇಲಿತ್ತು. ಪೇಟೆಯ ದರ ಕೊಡುತ್ತಿದ್ದವರು ಯಾರು? ಮೇದಾರರು, ಬುಟ್ಟಿ ಹೆಣೆಯುವವರು. ಕಾಡು ಸರ್ಕಾರದ್ದು, ಸರ್ಕಾರ ಎಲ್ಲರದ್ದು ಎಂದು ಪೌರನೀತಿ ಪಾಠ ಮಾಡುವ ಮೇಷ್ಟ್ರುಗಳು ಈ ಎರಡು ದರಗಳನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು ತೋರಿಸಲಿ. ಮಕ್ಕಳಿಗೆ ಉಳಿದ ಪಾಠ ತಾನೇ ಅರ್ಥವಾಗುತ್ತದೆ.

ದಾಂಡೇಲಿಗೆ ಯಾರು ಬಂದರು ಎಂದು ಕೇಳಿದರೆ ಉತ್ತರ ಒಂದೇ ಭಾಷೆಯಲ್ಲಿ ಬರುವುದಿಲ್ಲ. ಹಳಿಯಾಳದ ಬಯಲು ಕಡೆಯಿಂದ ಕನ್ನಡದವರು, ಮರಾಠಿಯವರು. ಜೋಯಿಡಾದ ಕಾಡಿನಿಂದ ಕೊಂಕಣಿ ಆಡುವ ಕುಣಬಿಗಳು. ಗೌಳಿವಾಡಾಗಳಿಂದ ಗೌಳಿಗಳು. ಸಿದ್ದಿಗಳು. ಉರ್ದು ಮನೆಗಳು. ಕೆಲಸ ಹುಡುಕಿ ತೆಲುಗು ಸೀಮೆಯಿಂದ ಬಂದವರು. ಇವರೆಲ್ಲರ ಮೇಲೆ ಹಿಂದಿ, ಇಂಗ್ಲಿಷಿನ ಆಫೀಸು. 1956ರವರೆಗೆ ಈ ಸೀಮೆ ಮುಂಬಯಿ ಸರ್ಕಾರದ ಕೈಲಿತ್ತು. ಏಕೀಕರಣದ ವರ್ಷವೇ ಇಲ್ಲಿ ವನ್ಯಧಾಮವೂ ಆಯಿತು. ಅಂದರೆ ಕನ್ನಡನಾಡು ಸೇರಿದ್ದು, ಕಾರ್ಖಾನೆ ಬಂದದ್ದು, ಕಾಡಿಗೆ ಬೇಲಿ ಬಿದ್ದದ್ದು ಎಲ್ಲಾ ಎರಡು ಮೂರು ವರ್ಷಗಳ ಆಟ. ಕಾಡಿನವನಿಗೆ ನಾಡು ಸಿಕ್ಕ ಗಳಿಗೆಯಲ್ಲೇ ಕಾಡು ಕೈತಪ್ಪಿತು.

ಆಮೇಲೆ ಸೂಪಾ. ಕಾಳಿ, ಪಾಂಢರಿ ಕೂಡುವ ಜಾಗದಲ್ಲಿದ್ದ ತಾಲೂಕಿನ ಊರು. ಗಣೇಶಗುಡಿಯ ಅಣೆಕಟ್ಟು 1987ರಲ್ಲಿ ಮುಗಿಯಿತು, ಊರು ನೀರಿಗೆ ಹೋಯಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಜನ ರಾಮನಗರ ಮತ್ತು ಸಿಕ್ಕಸಿಕ್ಕ ಕಡೆ ಹೋದರು. ಶರಾವತಿ ಮುಳುಗಡೆಗೆ ನಾ. ಡಿಸೋಜಾ ಸಿಕ್ಕರು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಾ ಆ ಮನುಷ್ಯ 'ದ್ವೀಪ' ಬರೆದರು, 'ಮುಳುಗಡೆ' ಬರೆದರು. ನೀರು ಏರುವುದನ್ನು ಎಂಜಿನಿಯರನ ಕಣ್ಣಿನಿಂದ ಬಿಟ್ಟು ಮನೆಯೊಳಗಿನವರ ಕಣ್ಣಿನಿಂದ ನೋಡಿದರು. ಸೂಪಾ ನಮ್ಮ ಕಾಲೇಜಿನ ಪಠ್ಯಗಳಿಗೆ ಹಾಗೆ ಬಂದಿಲ್ಲ. ಬಂದದ್ದು ವಿದ್ಯುತ್ ಉತ್ಪಾದನೆಯ ಪಾಠದಲ್ಲಿ, ಮೆಗಾವ್ಯಾಟಿನ ಲೆಕ್ಕದಲ್ಲಿ.

ಈಗಲೂ ಬರುವವರು ನಿಂತಿಲ್ಲ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು. ಕಾಡಿನೊಳಗಿನ ಕುಟುಂಬ ಹೊರಗೆ ಬಂದರೆ 2008ರಿಂದ 10 ಲಕ್ಷ, 2021ರಿಂದ 15 ಲಕ್ಷ. ಇದಕ್ಕೆ ಸರ್ಕಾರಿ ಕನ್ನಡದಲ್ಲಿ 'ಸ್ವಯಂಪ್ರೇರಿತ ಸ್ಥಳಾಂತರ' ಎನ್ನುತ್ತಾರೆ. ವಿಮರ್ಶಕನಾದವನು ಮೊದಲು ಬಿಚ್ಚಿ ನೋಡಬೇಕಾದ ಪದ ಇದು. ರಸ್ತೆ ಇಲ್ಲದ, ಕರೆಂಟು ಇಲ್ಲದ, ದವಾಖಾನೆಗೆ ಬಸುರಿಯನ್ನು ಹೊತ್ತುಕೊಂಡು ಬರಬೇಕಾದ ಕಡೆಯಲ್ಲಿ ಒಬ್ಬನನ್ನು ಇಡಬೇಕು. ಅದು ಯಾವಾಗ ಆಗುತ್ತದೆ ಸಾಹೇಬ್ರ ಎಂದು ಅವನು ಕೇಳಿದಾಗೆಲ್ಲಾ ಹುಲಿಯ ನಕಾಶೆ ತೋರಿಸಬೇಕು. ಕೊನೆಗೊಂದು ದಿನ ಅವನು ಸಹಿ ಹಾಕಿದರೆ ಅದು 'ಸ್ವಯಂಪ್ರೇರಣೆ'. ಆ ದುಡ್ಡಿನಿಂದ ಪೇಟೆಯ ಅಂಚಿನಲ್ಲಿ ಒಂದು ಜಾಗ ಬರಬಹುದು, ಒಂದು ಆಟೋ ಬರಬಹುದು. ಜೇನು, ಗೆಡ್ಡೆ, ಸೌದೆ, ಹೊಳೆಯ ಮೀನು ದುಡ್ಡಿಲ್ಲದೆ ಸಿಗುತ್ತಿದ್ದ ಮನೆಗೆ ಇನ್ನು ಉಪ್ಪಿನಕಾಯಿಯ ಚೂರಿಗೂ ರೊಕ್ಕ ಬೇಕು. ಈ ಲೆಕ್ಕ ಯಾವ ಪ್ಯಾಕೇಜಿನಲ್ಲೂ ಬರೆದಿಲ್ಲ.

ಈಗ ಸಾಹಿತ್ಯಕ್ಕೆ ಬರೋಣ. ನವ್ಯ ಕಾದಂಬರಿಯ ದೊಡ್ಡ ಹೆಸರೊಂದು ಹಳಿಯಾಳದ್ದೇ. ಶಾಂತಿನಾಥ ದೇಸಾಯಿ ಹುಟ್ಟಿದ್ದು 1929ರಲ್ಲಿ ಹಳಿಯಾಳದಲ್ಲಿ. 'ಮುಕ್ತಿ' ಬಂದದ್ದು 1961ರಲ್ಲಿ, 'ವಿಕ್ಷೇಪ' 1971ರಲ್ಲಿ. ಉತ್ತರ ಕರ್ನಾಟಕದ ಹಳ್ಳಿಯ ಹುಡುಗ ಬೊಂಬಾಯಿಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದುತ್ತಾನೆ, ಅಲ್ಲಿಂದ ಇಂಗ್ಲೆಂಡಿಗೆ ಓಡುತ್ತಾನೆ. ಎಲ್ಲಿ ಹೋದರೂ ಬಿಟ್ಟು ಬಂದದ್ದು ಬೆನ್ನು ಬಿಡುವುದಿಲ್ಲ. ಮನಸ್ಸಿನ ಒಳಗನ್ನು ಸೀಳಿ ನೋಡುವ ಕಸುವು ಈ ಬರವಣಿಗೆಗೆ ಇದೆ. ಅದನ್ನು ಅಲ್ಲಗಳೆಯುವುದು ನಮ್ಮ ಕೆಲಸವಲ್ಲ. ನಮ್ಮ ಪ್ರಶ್ನೆ ಬೇರೆ. ಅಲ್ಲಿ ಊರು ಬಿಡುವುದು ಒಂದು ಮನೋವ್ಯಾಪಾರ. ಅಪ್ಪನಿಂದ, ಸಂಪ್ರದಾಯದಿಂದ, ತನ್ನಿಂದಲೇ ತಪ್ಪಿಸಿಕೊಳ್ಳುವುದು. ತಪ್ಪಿಸಿಕೊಳ್ಳುವವನಿಗೆ ಬಿಡಲು ಒಂದು ಮನೆ ಇರಬೇಕು, ಬೇಡವೆನ್ನಲು ಒಂದು ಆಸ್ತಿ ಇರಬೇಕು, ಧಿಕ್ಕರಿಸಲು ಒಂದು ಪರಂಪರೆ ಇರಬೇಕು. ಇದ್ಯಾವುದೂ ಇಲ್ಲದವನು ಹಳಿಯಾಳದಿಂದ ಹೊರಟರೆ ಅವನು ಬೊಂಬಾಯಿಗೆ ಹೋಗುವುದಿಲ್ಲ. ಟಿಕೀಟಿಗೆ ದುಡ್ಡು ಸಾಲದು. ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದೂರದ ದಾಂಡೇಲಿಗೆ ಹೋಗುತ್ತಾನೆ. ಅವನ ಅನಾಥಪ್ರಜ್ಞೆ ಏನಿದ್ದರೂ ರಾತ್ರಿ ಪಾಳಿ ಮುಗಿದ ಮೇಲೆ.

ಯಶವಂತ ಚಿತ್ತಾಲರ 'ಶಿಕಾರಿ'ಯನ್ನೂ (1979) ಇಲ್ಲೇ ಇಟ್ಟು ನೋಡಬೇಕು. ಹನೇಹಳ್ಳಿಯ ಕಡೆಯಿಂದ ಬೊಂಬಾಯಿಗೆ ಹೋದ ನಾಗಪ್ಪ ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಯಾವ ತಪ್ಪಿಗೆ ಎಂದು ತಿಳಿಯದೆಯೇ ಅವನ ಬೇಟೆ ಶುರುವಾಗುತ್ತದೆ. ಕನ್ನಡದಲ್ಲಿ ಭಯವನ್ನು ಇಷ್ಟು ಹತ್ತಿರದಿಂದ ಬರೆದ ಕಾದಂಬರಿ ಕಡಿಮೆ. ಓದಿದ ನಮ್ಮ ಗೆಳೆಯರಿಗೆಲ್ಲಾ ಮೈ ಜುಮ್ಮೆಂದಿದೆ. ಆದರೂ ಓದು ಮುಗಿದ ಮೇಲೆ ಒಂದು ಮಾತು ಉಳಿಯುತ್ತದೆ. ನಾಗಪ್ಪನಿಗೆ ತಾನು ಬೇಟೆಯ ಮಿಕ ಎಂದು ಗೊತ್ತಾಗಲು ಅರ್ಧ ಆಯುಷ್ಯ ಬೇಕಾಯಿತು. ಕೇರಿಯಲ್ಲಿ ಹುಟ್ಟಿದ ಕೂಸಿಗೆ ಅದು ಮೊದಲ ಸಲ ಗುಡಿಯ ಕಟ್ಟೆ ಹತ್ತಿದ ದಿನವೇ ಗೊತ್ತಾಗುತ್ತದೆ.

ಮಹಾನಗರದ ಬಗ್ಗೆ ನವ್ಯರ ದೊಡ್ಡ ದೂರು ಏನು? ಅಲ್ಲಿ ನಮ್ಮನ್ನು ಯಾರೂ ಗುರುತಿಸುವುದಿಲ್ಲ ಎಂಬುದು. ಮನುಷ್ಯ ಬರೀ ಒಂದು ನಂಬರು, ಪಕ್ಕದ ಮನೆಯವನಿಗೆ ಹೆಸರು ಗೊತ್ತಿಲ್ಲ ಎಂಬ ಹಲುಬಾಟ. ಗೆಳೆಯರೆ, ಹೆಸರು ಗೊತ್ತಿಲ್ಲದಿರುವುದೇ ಒಂದು ದೊಡ್ಡ ವರ ಎಂದು ಬಗೆದು ಊರು ಬಿಟ್ಟವರು ನಾವು! ಗುಂಪಿನಲ್ಲಿ ಕರಗಬೇಕು, ಹೋಟೆಲಿನಲ್ಲಿ ಎಲ್ಲರ ಗ್ಲಾಸಿನಲ್ಲೇ ಚಹಾ ಕುಡಿಯಬೇಕು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಮುದುಡಿಕೊಳ್ಳಬಾರದು. ಅವರಿಗೆ ಪರಕೀಯತೆ ಅನಿಸಿದ್ದು ನಮಗೆ ಬಿಡುಗಡೆ ಅನಿಸುತ್ತದೆ. ಒಂದೇ ನಗರ, ಎರಡು ಓದು. ಈ ಎರಡನೆಯ ಓದನ್ನು ಸೇರಿಸಿಕೊಳ್ಳದ ನಗರಪ್ರಜ್ಞೆಯ ವಿಮರ್ಶೆ ಅರ್ಧ ವಿಮರ್ಶೆ.

ಆದರೆ ದಾಂಡೇಲಿಯಂಥ ನಡು ಊರಿನ ಕತೆ ಇಷ್ಟು ಸಲೀಸಾಗಿಲ್ಲ. ಇಲ್ಲಿ ಆ ಬಿಡುಗಡೆಯೂ ಅರೆಬರೆ. ಬಾಡಿಗೆ ಮನೆ ಕೇಳಲು ಹೋದವನ ಮುಂದೆ ನಡೆಯುವ ಮಾತು ಹೀಗೆ:

'ಯಾವೂರ್ರಿ ನಿಮ್ದು?'

'ಹಳಿಯಾಳ ಕಡಿ ರೀ.'

'ಹಳಿಯಾಳದಾಗ ಎಲ್ಲಿ? ಯಾವ ಓಣಿ?'

ಇಷ್ಟೇ. ಜಾತಿ ಎಂಬ ಪದವನ್ನು ಯಾರೂ ಬಾಯಿಗೆ ತರಲಿಲ್ಲ. ಬೊಂಬಾಯಿಯ ಮನೆ ಮಾಲೀಕನಿಗೆ ಹಳಿಯಾಳದ ಓಣಿಗಳು ಗೊತ್ತಿಲ್ಲ. ಬೆಂಗಳೂರಿನವನಿಗೆ ಹಳಿಯಾಳವೇ ಗೊತ್ತಿರಲಿಕ್ಕಿಲ್ಲ. ದಾಂಡೇಲಿಯವನಿಗೆ ಎರಡೂ ಗೊತ್ತು, ಅವನ ಮಾವನ ಮನೆ ಅದೇ ಊರು. ಓಣಿಯ ಹೆಸರು ಹೇಳಿದರೆ ಜಾತಿ ಹೇಳಿದಂತೆ. ಹೇಳದಿದ್ದರೆ ಮುಚ್ಚಿಟ್ಟಂತೆ. 'ನೋಡ್ರಿ, ನಮ್ಮ ಮನ್ಯಾಗ ಹಿರೇರು ಅದಾರ, ಅವರು ಕೇಳಂಗಿಲ್ಲ. ನಮಗೇನೂ ಇಲ್ಲ ಬಿಡ್ರಿ' ಎಂದು ನಗುನಗುತ್ತಾ ಬಾಗಿಲು ಹಾಕುತ್ತಾರೆ. ಒಬ್ಬ ಗೆಳೆಯ ಡಿಪಾಜಿಟ್ ಕೊಟ್ಟು ಖೋಲಿ ಹಿಡಿದು ಆರು ತಿಂಗಳಾದ ಮೇಲೆ, ಊರಿನಿಂದ ತಾಯಿ ಬಂದು ಓಣಿಯ ನಲ್ಲಿಯ ಹತ್ತಿರ ಯಾರೊಡನೆಯೋ ಸಲಿಗೆಯಿಂದ ಮಾತಾಡಿದ್ದೇ ತಡ, ಮುಂದಿನ ತಿಂಗಳು ಮಾಲೀಕನ ಮಗನಿಗೆ ದಿಢೀರ್ ಮದುವೆ ಗೊತ್ತಾಗಿ ಮನೆ ಬೇಕಾಯಿತು. ಆ ಮದುವೆ ಇನ್ನೂ ಆಗಿಲ್ಲ. ಅಸ್ಪೃಶ್ಯತೆಯ ವಿರುದ್ಧ 1955ರಿಂದಲೂ ಕಾನೂನಿದೆ, 1989ರಲ್ಲಿ ಇನ್ನೂ ಬಿಗಿಯಾದದ್ದು ಬಂತು. 'ಮನಿ ಖಾಲಿ ಇಲ್ರಿ' ಎಂಬ ಮಾತಿಗೆ ಸಾಕ್ಷಿ ಹಾಕುವುದು ಹೇಗೆ?

ನಡು ಊರಿನ ಈ ಸಂಕಟವನ್ನು ಮೊದಲು ಬರೆದವರು ಇಬ್ಬರು, ಇಬ್ಬರೂ ಮರಾಠಿ ಸೀಮೆಯವರು. ಒಬ್ಬರು ಬಾಬಾಸಾಹೇಬರು. ಅಮೆರಿಕಾದ ಓದು ಮುಗಿಸಿ, ಇಂಗ್ಲೆಂಡಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದವರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ನ್ಯೂಯಾರ್ಕಿನಲ್ಲಿ ಖೋಲಿ ಸಿಕ್ಕಿತ್ತು, ಲಂಡನ್ನಿನಲ್ಲಿ ಸಿಕ್ಕಿತ್ತು, ಬರೋಡಾದಲ್ಲಿ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಬಂತು. ಗೆಳೆಯರೆನಿಸಿಕೊಂಡವರ ಬಾಗಿಲೂ ತೆರೆಯಲಿಲ್ಲ. ತೋಟದಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಮರಳಿದರು. ಹಳ್ಳಿಯೆಂದರೆ ಸಂಕುಚಿತತೆಯ ಗುಂಡಿ ಎಂದು ಸಂವಿಧಾನ ಸಭೆಯಲ್ಲಿ 1948ರಲ್ಲಿ ಅವರು ಹೇಳಿದ್ದನ್ನು ನಮ್ಮವರು ಸಭೆ ಸಭೆಗಳಲ್ಲಿ ಹೇಳುತ್ತಾರೆ, ಹೇಳಬೇಕು. ಆದರೆ ಅದನ್ನು ಹೇಳಿದವರು ಬರೋಡಾವನ್ನು ಕಂಡುಬಂದವರು ಎಂಬುದನ್ನು ಸೇರಿಸಿ ಹೇಳಬೇಕು. ಪೇಟೆಗೆ ಹೋಗಿ ಎಂದ ಬಾಬಾಸಾಹೇಬರಿಗೆ ಪೇಟೆಯ ಬಗ್ಗೆ ಭ್ರಮೆ ಇರಲಿಲ್ಲ.

ಇನ್ನೊಬ್ಬರು ಬಾಬುರಾವ್ ಬಾಗುಲ್. 1963ರಲ್ಲಿ ಬಂದ ಅವರ ಸಂಕಲನ 'ಜೆವ್ಹಾ ಮಿ ಜಾತ್ ಚೋರಲೀ ಹೋತಿ'. ಆ ಹೆಸರಿನ ಕತೆಯಲ್ಲಿ ಒಬ್ಬ ತರುಣ ರೈಲ್ವೆ ನೌಕರಿಗೆಂದು ಸೂರತ್ ಹತ್ತಿರದ ಉಧನಾಕ್ಕೆ ಹೋಗುತ್ತಾನೆ. ಜಾತಿ ಹೇಳದೆ ಖೋಲಿ ಹಿಡಿಯುತ್ತಾನೆ. ಓದಿದವನು, ಕವಿತೆ ಬರೆಯುವವನು ಎಂದು ಮರ್ಯಾದೆ ಸಿಗುತ್ತದೆ. ಗೊತ್ತಾದ ದಿನ ಹೊಡೆತ ಬೀಳುತ್ತದೆ. ಬಿಡಿಸಲು ಬರುವವನು ಯಾರು? ತನ್ನ ಜಾತಿಯನ್ನು ಮುಚ್ಚಿಡದೆ ಕಾರ್ಖಾನೆಯಲ್ಲಿ ಎಲ್ಲರ ಜೊತೆ ಗುದ್ದಾಡಿಕೊಂಡೇ ಇದ್ದ ಗೆಳೆಯ. ಮರಾಠಿಯಲ್ಲಿ 'ಚೋರಲೀ' ಅಂದರೆ ಕದ್ದದ್ದು. ಮುಚ್ಚಿಟ್ಟದ್ದು ತನ್ನದೇ ವಸ್ತು, ಆದರೂ ಅದಕ್ಕೆ ಕಳ್ಳತನದ ಹೆಸರು. ಈ ಒಂದು ಕ್ರಿಯಾಪದದಲ್ಲಿ ಬಾಗುಲರು ಹೇಳಿದ್ದನ್ನು ನಗರಪ್ರಜ್ಞೆಯ ಪುಸ್ತಕಗಳು ಹತ್ತು ಅಧ್ಯಾಯಗಳಲ್ಲಿ ಹೇಳಿಲ್ಲ. ಉಧನಾ ಬೊಂಬಾಯಿಯಲ್ಲ ಎಂಬುದೂ ಮುಖ್ಯ. ಪಕ್ಕದ ದೊಡ್ಡ ಊರಿನ ನೆರಳಿನಲ್ಲಿರುವ ರೈಲ್ವೆ ಊರು, ಎಲ್ಲರೂ ಬೇರೆ ಕಡೆಯಿಂದ ಬಂದವರೇ, ಆದರೂ ಎಲ್ಲರಿಗೂ ಎಲ್ಲರ ಲೆಕ್ಕ ಬೇಕು. ದಾಂಡೇಲಿಯ ಓದುಗನಿಗೆ ಆ ಕತೆಯಲ್ಲಿ ಅಪರಿಚಿತವಾದದ್ದು ಏನೂ ಇಲ್ಲ.

ಬಾಗುಲರ ನಾಯಕನಿಗೆ ಕದಿಯುವ ಅವಕಾಶವಾದರೂ ಇತ್ತು. ಸಿದ್ದಿಗೆ ಅದೂ ಇಲ್ಲ. ಅಜ್ಜನ ಅಜ್ಜನನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದರು, ಮೊಮ್ಮಗ ಹಳಿಯಾಳದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಿದರೂ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಸ್ವಾತಂತ್ರ್ಯ ಬಂದು ಐವತ್ತೈದು ವರ್ಷ ದಾಟಿದ ಮೇಲೆ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣವಾದದ್ದು 2020ರಲ್ಲಿ. ಜೋಯಿಡಾದ ಕುಣಬಿಗಳು ಅದೇ ಪಟ್ಟಿಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ನಿಂತವರು.

ಮುಂಡಗೋಡದ ವಿಷಯವನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. 1966ರಲ್ಲಿ ಅಲ್ಲಿ ಟಿಬೇಟಿನ ನಿರಾಶ್ರಿತರಿಗೆ ಸಾವಿರಾರು ಎಕರೆ ಕೊಟ್ಟರು. ಕ್ಯಾಂಪುಗಳಾದವು, ಶಾಲೆಯಾಯಿತು, ಸಹಕಾರಿ ಸಂಘವಾಯಿತು, ಗಾದೆನ್, ದ್ರೆಪುಂಗ್ ಮಠಗಳು ಎದ್ದವು. ದೇಶ ಕಳಕೊಂಡು ಬಂದವರಿಗೆ ನೆಲ ಕೊಟ್ಟದ್ದು ಈ ಸರ್ಕಾರಗಳು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಅವರ ಮೇಲೆ ಹೊಟ್ಟೆಕಿಚ್ಚು ಹಚ್ಚುವವರ ಜೊತೆ ನಾವಿಲ್ಲ. ಆದರೆ ಒಂದು ಜನವನ್ನು ಮರ್ಯಾದೆಯಿಂದ ಎತ್ತಿ ನೆಡುವುದು ಹೇಗೆ ಎಂದು ಸರ್ಕಾರಕ್ಕೆ ಗೊತ್ತಿತ್ತು ಎಂಬುದಕ್ಕೆ ಮುಂಡಗೋಡ ಸಾಕ್ಷಿ. ಗೊತ್ತಿದ್ದೂ ಸೂಪಾದಲ್ಲಿ ಹಾಗೆ ಮಾಡಲಿಲ್ಲ.

ನಮ್ಮ ಕಡೆಯ ಬರವಣಿಗೆಯನ್ನು ಬಿಟ್ಟು ನವ್ಯರನ್ನೇ ಬೈಯುತ್ತಾ ಹೋದರೆ ಅದು ಸುಲಭದ ದಾರಿ. ಕಾರಂತರ 'ಚೋಮನ ದುಡಿ'ಯಿಂದಲೇ (1933) ಹಿಡಿಯೋಣ. ಸಾಲ ತೀರಿಸಲು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಂಡು ಅಲ್ಲೇ ನಿಲ್ಲುತ್ತಾನೆ. ಕಾದಂಬರಿಯ ಕರುಳು ಇರುವುದು ಉಳಿದ ಚೋಮನಲ್ಲಿ, ಅವನ ದುಡಿಯಲ್ಲಿ, ಅವನಿಗೆ ಸಿಗದ ಬೇಸಾಯದಲ್ಲಿ. ಹೋಗಿ ಬದುಕಿದ ಗುರುವ ಚೋಮನಿಗೆ ನಷ್ಟ, ಕಾದಂಬರಿಗೂ ನಷ್ಟದ ಬಾಬ್ತು. ಗುರುವನ ಕಡೆಯಿಂದ ಅದೇ ಕತೆ ಹೇಗಿರುತ್ತಿತ್ತು? ತೋಟದ ಲೈನಿನಲ್ಲಿ ಅವನ ಮಕ್ಕಳು ಸ್ಕೂಲಿಗೆ ಹೋದರೆ? ಈ ಪ್ರಶ್ನೆ ಕೇಳುವವರು ಇಲ್ಲದ್ದರಿಂದಲೇ ಊರು ಬಿಟ್ಟ ದಲಿತ ಎಂದರೆ ಕಳೆದುಹೋದ ದಲಿತ ಎಂಬ ಭಾವ ನಮ್ಮಲ್ಲಿ ಬೇರು ಬಿಟ್ಟಿತು.

ದೇವನೂರ ಮಹಾದೇವರ 'ಒಡಲಾಳ', 'ಕುಸುಮಬಾಲೆ' ಬಂದ ಮೇಲೆ ಕೇರಿಯ ನುಡಿಗೆ ಸಾಹಿತ್ಯದಲ್ಲಿ ಸಿಂಹಾಸನ ಸಿಕ್ಕಿತು. ಸಾಕವ್ವನ ಕೋಳಿ ಹುಡುಕಾಟವನ್ನು ಓದಿದ ಮೇಲೆ ಬಡತನದ ಬಗ್ಗೆ ಕಣ್ಣೀರು ಸುರಿಸುವ ಕತೆ ಬರೆಯಲು ನಾಚಿಕೆಯಾಗಬೇಕು. ತಂಟೆ ಮಾಡಿದವರು ಮಹಾದೇವರಲ್ಲ, ಅವರ ಹಿಂದೆ ಬಂದವರು. ಇಪ್ಪತ್ತು ವರ್ಷದಿಂದ ದಾವಣಗೆರೆಯಲ್ಲೋ ಧಾರವಾಡದಲ್ಲೋ ನೌಕರಿ ಮಾಡಿಕೊಂಡು, ಮಗಳನ್ನು ಕಾನ್ವೆಂಟಿಗೆ ಕಳಿಸಿಕೊಂಡು, ಕತೆ ಬರೆಯಲು ಕೂತ ಕೂಡಲೇ ಕೇರಿಯ ಬೇವಿನ ಮರ, ಮಾರಿಹಬ್ಬ, ಅಜ್ಜಿಯ ಎಲೆಅಡಿಕೆ ಚೀಲ. ಅವರ ಮನೆ ಮುಂದಿನ ಬಡಾವಣೆ ಕತೆಯಲ್ಲಿ ಇಲ್ಲ. ಗೃಹಪ್ರವೇಶಕ್ಕೆ ಕರೆದರೆ ಊಟಕ್ಕೆ ನಿಲ್ಲದೆ ಹಣ್ಣು ಮಾತ್ರ ತಿಂದು ಹೋದ ಸಹೋದ್ಯೋಗಿ ಇಲ್ಲ. ಕಾಗದದ ಮೇಲೆ ಇವರೂ ಊರು ಬಿಟ್ಟಿಲ್ಲ, ನವೋದಯದವರ ಹಾಗೆ.

ಸಿದ್ದಲಿಂಗಯ್ಯನವರ 'ಊರುಕೇರಿ' ಇದಕ್ಕೆ ಹೊರತು. ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗ ಅಲ್ಲಿ ಅಳುವುದಿಲ್ಲ. ಹಾಸ್ಟೆಲ್ಲು, ಸ್ಮಶಾನ, ಭಾಷಣ ಸ್ಪರ್ಧೆ, ಹಸಿವು ಎಲ್ಲವನ್ನೂ ನಗುತ್ತಾ ಹೇಳುತ್ತಾನೆ. ಆ ನಗೆ ಕೆಲವರಿಗೆ ಸಿಟ್ಟು ತರಿಸಿತು. ಬಂಡಾಯ ಎಲ್ಲಿ ಹೋಯಿತು ಎಂದರು. ನಮಗೆ ಅನಿಸುವುದು, ಪೇಟೆಯಲ್ಲಿ ಜಾಗ ಮಾಡಿಕೊಂಡವನಿಗೆ ಮಾತ್ರ ಸಾಧ್ಯವಾಗುವ ನಗೆ ಅದು. ಗುಲಬರ್ಗಾದ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರೊಬ್ಬರ ಮಗಳು ಗೀತಾ ನಾಗಭೂಷಣರು ಅದೇ ಸೀಮೆಯ ನುಡಿಯಲ್ಲಿ ಕೆಳಜಾತಿಯ ಹೆಂಗಸರ ಬದುಕನ್ನು ದಶಕಗಳ ಕಾಲ ಬರೆದರು. 'ಬದುಕು' ಕಾದಂಬರಿಗೆ 2004ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂದ ಮೇಲೆ ವಿಮರ್ಶಕರ ಕಣ್ಣು ಅತ್ತ ಹೊರಳಿತು. ಅಷ್ಟು ತಡವಾದದ್ದು ಯಾಕೆಂದು ವಿಮರ್ಶಕರೇ ಹೇಳಬೇಕು.

ಮತ್ತೊಂದು ವಿಚಾರವನ್ನು ನಮ್ಮ ತರುಣ ಮಿತ್ರರು ಮರೆಯಬಾರದು. ದಲಿತ ಸಂಘರ್ಷ ಸಮಿತಿ ಬೇರೂರಿದ್ದು ಹಳ್ಳಿಯಲ್ಲೂ ಅಲ್ಲ, ಮಹಾನಗರದಲ್ಲೂ ಅಲ್ಲ. ಬಿ. ಕೃಷ್ಣಪ್ಪನವರು ಹುಟ್ಟಿದ್ದು ಹರಿಹರ, ಕಾಲೇಜಿನಲ್ಲಿ ಪಾಠ ಮಾಡಿದ್ದು ಭದ್ರಾವತಿ. ಅಲ್ಲೂ ಕಬ್ಬಿಣದ ಕಾರ್ಖಾನೆ, ಅಲ್ಲೂ ಕಾಗದದ ಮಿಲ್ಲು. ತಿಂಗಳ ಸಂಬಳ ಇದ್ದದ್ದರಿಂದ ಗೌಡನ ಕಣದ ಕಾಳಿಗೆ ಕೈಯೊಡ್ಡದ ಒಂದು ದಲಿತ ಪೀಳಿಗೆ ಅಲ್ಲಿತ್ತು. ರಾತ್ರಿ ಮೀಟಿಂಗು ಮುಗಿಸಿ ಬೆಳಿಗ್ಗೆ ಬಸ್ಸು ಹಿಡಿದರೆ ಹಳ್ಳಿ ಸಿಗುತ್ತಿತ್ತು. ಹಳ್ಳಿಯ ಏಟು ಗೊತ್ತು, ಪೇಟೆಯ ಕೈಚೀಲದಲ್ಲಿ ಕರಪತ್ರ. ಈ ನಡು ಊರು ಇಲ್ಲದಿದ್ದರೆ ಚಳವಳಿ ಇರುತ್ತಿತ್ತೇ? ಚಳವಳಿಯ ತೊಟ್ಟಿಲಾದ ಊರನ್ನು ಚಳವಳಿಯ ಸಾಹಿತ್ಯ ಬರೆಯದೆ ಹೋದದ್ದು ವಿಚಿತ್ರ.

ಬರೆಯುವುದಾದರೆ ಹೆಂಗಸರಿಂದ ಶುರು ಮಾಡಬೇಕು. ಗಂಡಸು ದಾಂಡೇಲಿಯನ್ನು ಭೋಂಗಾದಿಂದ ಅಳೆಯುತ್ತಾನೆ, ಹೆಂಗಸು ನಲ್ಲಿಯಿಂದ. ಹಳ್ಳಿಯ ಬಾವಿಯಲ್ಲಿ ಅವಳ ಕೊಡಕ್ಕೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಇಲ್ಲಿ ನಲ್ಲಿಯ ಸಾಲಿನಲ್ಲಿ ಕೊಡ ಕೊಡಕ್ಕೆ ತಾಗುತ್ತದೆ. ತಾಗಿದ್ದಕ್ಕೆ ಜಗಳ ಆಗುತ್ತದೆ, ಆದರೆ ಆ ಜಗಳದಲ್ಲಿ ಅವಳೂ ಬಾಯಿ ಮಾಡುತ್ತಾಳೆ. ಹಳ್ಳಿಯಲ್ಲಿ ಅವಳಿಗೆ ಬಾಯಿ ಇರಲಿಲ್ಲ. ಕ್ವಾರ್ಟರ್ಸುಗಳಲ್ಲಿ ಭಾಂಡೆ ತಿಕ್ಕುತ್ತಾಳೆ, ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತಾಳೆ, ಅಡಿಗೆಮನೆಗೆ ಬರಬೇಡ ಎನ್ನಿಸಿಕೊಳ್ಳುತ್ತಾಳೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ರೊಕ್ಕ ಇರುತ್ತದೆ, ಜೋಳ ಅಲ್ಲ. ಗಂಡನ ಕಾರ್ಖಾನೆ ಬಾಗಿಲು ಹಾಕಿದಾಗ ಮನೆ ನಡೆಸಿದ್ದು ಆ ರೊಕ್ಕ. ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆ ನಡೆದು ನಿಂತಿತು, ಫೆರೋ ಕಾರ್ಖಾನೆ ನಡೆದು ನಿಂತಿತು. 2011ರ ಜನಗಣತಿಯಲ್ಲಿ ಊರಿನ ಜನ 52 ಸಾವಿರದ ಆಸುಪಾಸು, ಹತ್ತು ವರ್ಷದ ಹಿಂದಿನದಕ್ಕಿಂತ ತುಸು ಕಮ್ಮಿ. ಊರಿಗೆ ಬಂದವರೇ ಮತ್ತೆ ಊರು ಬಿಟ್ಟರು, ಗೋವಾಕ್ಕೆ, ಪುಣೆಗೆ, ಹುಬ್ಬಳ್ಳಿಗೆ. ಉಳಿದವರಿಗೆ ಈಗ ರೆಸಾರ್ಟು, ಹೋಂಸ್ಟೇ. ಕಾಳಿಯಲ್ಲಿ ತೆಪ್ಪ ತೇಲಿಸಲು ಬೆಂಗಳೂರಿನವರು ಬರುತ್ತಾರೆ. ಕಾಡಿನಿಂದ ಹೊರಬಂದವನ ಮಗ ಅವರ ಲಗೇಜು ಹೊತ್ತು ಕಾಡು ತೋರಿಸುತ್ತಾನೆ. 2018ರಲ್ಲಿ ದಾಂಡೇಲಿ ತಾಲೂಕೂ ಆಯಿತು. ಬೋರ್ಡು ಬದಲಾಯಿತು.

ಊರಿನ ಹೆಸರಿನ ಬಗ್ಗೆ ಒಂದು ಐತಿಹ್ಯ ಇದೆ, ಅದನ್ನೂ ವಿಮರ್ಶೆಗೆ ಒಡ್ಡಬೇಕು. ದಾಂಡೇಲಪ್ಪ ಎಂಬವನು ಮಿರಾಶಿ ಜಮೀನ್ದಾರರ ಆಳು. ಸ್ವಾಮಿನಿಷ್ಠೆಗಾಗಿ ಪ್ರಾಣ ಕೊಟ್ಟ, ದೇವರಾದ, ಅವನ ಹೆಸರೇ ಊರಿಗೆ ಬಂತು ಎನ್ನುತ್ತಾರೆ. ಜಾತ್ರೆ ನಡೆಯುತ್ತದೆ, ಎಲ್ಲ ಜಾತಿಯವರೂ ಕಾಯಿ ಒಡೆಯುತ್ತಾರೆ. ಆಳು ಸತ್ತ ಮೇಲೆ ದೇವರಾಗುವುದು ನಮ್ಮ ನಾಡಿಗೆ ಹೊಸದಲ್ಲ. 'ಕೆರೆಗೆ ಹಾರ'ದ ಭಾಗೀರಥಿಯೂ ಹಾಗೇ ದೊಡ್ಡವಳಾದಳು. ಅವಳ ಹಾಡಿನಲ್ಲಿ ಕನಿಷ್ಠ ಅವಳ ನೋವು ಕೇಳಿಸುತ್ತದೆ. ದಾಂಡೇಲಪ್ಪನ ಕತೆಯಲ್ಲಿ ಕೇಳಿಸುವುದು ನಿಷ್ಠೆ ಒಂದೇ. ಸತ್ತವನು ಬಂದು ಅದು ನಿಷ್ಠೆ ಎಂದು ಹೇಳಲಾರ. ಹೇಳಿದವರು ಬದುಕಿ ಉಳಿದ ಒಡೆಯರೇ ಇರಬೇಕು. ಅವನ ಹೆಂಡತಿ ಏನು ಹೇಳಿದಳು? ಕೂಲಿ ಬಾಕಿ ಎಷ್ಟಿತ್ತು? ಜಾನಪದ ಸಂಗ್ರಹಕ್ಕೆ ಹೋಗುವ ವಿದ್ಯಾರ್ಥಿಗಳು ಮುದುಕಿಯರನ್ನು ಕೇಳಿ ನೋಡಲಿ.

ಇತ್ತೀಚೆಗೆ ಹಳಿಯಾಳದ ಒಂದು ಹಾಸ್ಟೆಲಿನಲ್ಲಿ ಬಾಗುಲರ ಕತೆಯನ್ನು ಕೂತು ಓದಿದೆವು. ಮರಾಠಿ ಬಲ್ಲ ಹುಡುಗರು ಸಾಲು ಸಾಲಾಗಿ ಕನ್ನಡಕ್ಕೆ ಹೇಳುತ್ತಾ ಹೋದರು. ಓದಿದ ಮೇಲೆ ಜಗಳ ಶುರು. ಜಾತಿ ಹೇಳಿಯೇ ಮನೆ ಕೇಳಬೇಕಿತ್ತು ಎಂದು ಕೆಲವರು, ಹೇಳಿದ್ದರೆ ರೈಲ್ವೆ ಪ್ಲಾಟ್‌ಫಾರಂ ಮೇಲೆ ಮಲಗಬೇಕಿತ್ತು ಎಂದು ಕೆಲವರು. ಸಿದ್ದಿ ಹುಡುಗನೊಬ್ಬ 'ನಮಗ ಈ ತ್ರಾಸೇ ಇಲ್ಲ ಬಿಡ್ರಿ, ಮಾರಿ ನೋಡಿದ್ರ ಸಾಕು' ಎಂದು ನಗಿಸಿದ. ಮುಂಡಗೋಡ ಕಡೆಯ ಇನ್ನೊಬ್ಬ ಅಷ್ಟು ಹೊತ್ತೂ ಸುಮ್ಮನಿದ್ದವನು ಕೇಳಿದ: 'ಸರ, ಅದೆಲ್ಲಾ ಇರ್ಲಿ. ಹೊಡದು ಹೊರಗ ಹಾಕಿದ ಮ್ಯಾಲೆ ಅವನ ಬಾಡಿಗಿ ರೊಕ್ಕ ತಿರುಗಿ ಕೊಟ್ರೋ ಇಲ್ಲೋ?' ಅವನ ಅಣ್ಣನಿಗೆ ಶಿರಸಿಯಲ್ಲಿ ಕೊಟ್ಟಿಲ್ಲವಂತೆ. ಅದನ್ನೇ ಬರಿ ಎಂದೆವು. 'ಕನ್ನಡದಾಗ ಬರೀಲೋ, ನಮ್ಮ ಮಾತಿನಾಗ ಬರೀಲೋ?' ಎಂದ. ಅವನ ಮಾತಿನಲ್ಲಿ ಮರಾಠಿ, ಕೊಂಕಣಿ, ಉರ್ದು ಎಲ್ಲಾ ಬೆರೆತಿದೆ. ಬೆರೆತ ಹಾಗೇ ಕಳಿಸಲು ಹೇಳಿದ್ದೇವೆ. ಬಂದರೆ ತಿದ್ದದೆ ಈ ಪುಟಗಳಲ್ಲೇ ಅಚ್ಚು ಹಾಕುತ್ತೇವೆ.